ಕಿಟ್ ಹಂಚೋಕೆ ಹೊರಟಿದ್ದೀರಾ? ಒಂದ್ನಿಮಿಷ..

ಮಳೆಗಾಲ ಶುರುವಾಗೋ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಒಂದು ಮೇಲ್ ಓಡಾಡುತ್ತೆ. ಎಚ್.ಡಿ. ಕೋಟೆ ಕಡೆಯ ಹಾಡಿಗಳಿಗೆ ರೇಷನ್ ಕಿಟ್ ಹಂಚುವ ಕಾರ್ಯಕ್ರಮ, ಶನಿವಾರ ಬೆಳಗ್ಗೆ ಐದೂವರೆಗೆ ಬಸ್ಸು, ಬರುವವರು ಟೀ ಶರ್ಟ್ ಸೈಜ್ ತಿಳಿಸಿ ಅಂತ. ನಾನು ಹುಣಸೂರು ತಾಲ್ಲೂಕಿನವನು ಅಂತ ಎಲ್ಲರಿಗೂ ಗೊತ್ತು. "ನಿಮ್ ಕಡೆ ಅಲ್ವೇನೋ, ಕಿಟ್‌ನಲ್ಲಿ ಏನೇನ್ ಹಾಕೋದು ಹೇಳು" ಅಂತಾರೆ. ಹೇಳೋಕೆ ಬಾಯಿ ತೆರೆಯೋ ಹೊತ್ತಿಗೆ ಆರ್ಡರ್ ಆಗಿಹೋಗಿರುತ್ತೆ. ಹತ್ತು ಕೆ.ಜಿ. ಅಕ್ಕಿ, ಗೋಧಿ ಹಿಟ್ಟು, ಎಣ್ಣೆ, ನೂಡಲ್ಸು, ಬಿಸ್ಕತ್ತು, ಚಾಕೊಲೇಟ್ ವಾಸನೆಯ ಹೆಲ್ತ್ ಡ್ರಿಂಕು ಒಂದು ಡಬ್ಬಿ.

ಹಂಚಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ಕನ್ನಡ ಬ್ಲಾಗಿಗರಲ್ಲಿ ಅರ್ಧಕ್ಕರ್ಧ ನನ್ನ ಹಾಗೆ ಸಾಫ್ಟ್‌ವೇರ್ ಮಂದಿಯೇ, ಈ ಬಸ್ಸು ಹತ್ತಿದವರೂ ಹತ್ತಲಿರುವವರೂ ಇಲ್ಲಿದ್ದೀರಿ. ಹತ್ತೋ ಮುಂಚೆ ನನ್ನ ಒಂದು ವಾದ ಕೇಳಿ ಅಷ್ಟೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಬಡ ಮನೆಗಳಲ್ಲಿ ಅಕ್ಕಿಯ ಕೊರತೆ ಈಗ ಮೊದಲಿನಷ್ಟಿಲ್ಲ. ಕೊರತೆ ಇರೋದು ಅಕ್ಕಿ ಮೂಟೆಗೂ ಊಟದ ತಟ್ಟೆಗೂ ನಡುವೆ.

ಮೊದಲು ಸರ್ಕಾರದ ಲೆಕ್ಕ ನೋಡೋಣ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. ಅಂತ್ಯೋದಯ ಕಾರ್ಡ್ ಇದ್ದ ಮನೆಗೆ ತಿಂಗಳಿಗೆ 35 ಕೆ.ಜಿ. ಧಾನ್ಯ. ಶಾಲೆ ಮಕ್ಕಳಿಗೆ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರವರಿಯಿಂದ ಹಾಲಿನ ಜೊತೆ ರಾಗಿ ಮಾಲ್ಟು, ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಒಪ್ಪಂದ ಆದ ಮೇಲೆ ವಾರದ ಆರು ದಿನವೂ ಮೊಟ್ಟೆ. ಕಾಡಿನ ಆದಿವಾಸಿ ಕುಟುಂಬಗಳಿಗೆ ಬೇಳೆ, ಕಾಳು, ಎಣ್ಣೆ, ಬೆಲ್ಲ, ತುಪ್ಪ, ಮೊಟ್ಟೆ ಇರೋ ಪೌಷ್ಟಿಕ ಆಹಾರದ ಚೀಲ ಬೇರೆ. ಪಟ್ಟಿ ಓದಿದರೆ ಈ ರಾಜ್ಯದಲ್ಲಿ ಸೊರಗಿದ ಮಗು ಸಿಗಲೇಬಾರದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ.

ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದ್ರೆ ಡೇಟಾ ಸರ್ವರ್ ಬಿಟ್ಟಿದೆ, ಬಳಕೆದಾರನ ಸ್ಕ್ರೀನಿಗೆ ಬಂದಿಲ್ಲ. ದಾರಿ ಮಧ್ಯೆ ಎಲ್ಲೋ ಬೀಳ್ತಿದೆ. ಎಲ್ಲಿ ಅಂತ ಹುಡುಕಬೇಕು.

ಮೊದಲನೇ ಜಾಗ ನಮ್ಮ ಹೊಲ.

ಹುಣಸೂರು, ಪಿರಿಯಾಪಟ್ಟಣದ ಕಡೆ ಬಂದು "ಸೊಪ್ಪು ಹೆಂಗಿದೆ ಈ ಸಲ?" ಅಂತ ಕೇಳಿ ನೋಡಿ. ಯಾರೂ ದಂಟಿನ ಸೊಪ್ಪಿನ ಬಗ್ಗೆ ಮಾತಾಡಲ್ಲ. ಸೊಪ್ಪು ಅಂದ್ರೆ ಹೊಗೆಸೊಪ್ಪು. ವರ್ಜೀನಿಯಾ ತಂಬಾಕು. ಬೇಸಿಗೆ ಕೊನೆಯ ಮಳೆಗೆ ನಾಟಿ, ಆಮೇಲೆ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ನಲ್ಲಿ ಹಗಲೂ ರಾತ್ರಿ ಸೌದೆ ಉರಿಸಿ ಬೇಯಿಸಿ, ಮಾರ್ಕೆಟ್‌ಗೆ ಬೇಲ್ ಹೊತ್ತು ಹಾಕೋದು. ನಮ್ಮದೂ ಹೊಗೆಸೊಪ್ಪಿನ ಮನೆಯೇ, ನನ್ನ ಎಂಜಿನಿಯರಿಂಗ್ ಫೀಸು ಬಂದದ್ದು ಅದರಿಂದಲೇ. ಹಾಗಾಗಿ ಬೆಳೆಗಾರರನ್ನ ಬಯ್ಯೋ ಜಾತಿಯವನಲ್ಲ ನಾನು. ಮಳೆ ನಂಬಿದ ಕೆಂಪು ಮಣ್ಣಿನಲ್ಲಿ ಹರಾಜಿನ ಕಟ್ಟೆ, ಬೋರ್ಡು, ಬ್ಯಾಂಕ್ ಸಾಲ ಎಲ್ಲ ಇರೋ ಬೇರೆ ಯಾವ ಬೆಳೆ ಇದೆ ಹೇಳಿ?

ಆದರೆ ಅದು ಬಂದಾಗ ಹೊಲದಿಂದ ಏನು ಹೋಯ್ತು ಅನ್ನೋದನ್ನ ಯಾರೂ ಲೆಕ್ಕ ಹಾಕಲಿಲ್ಲ. ರಾಗಿ ಹೊಲ ಅಂದ್ರೆ ಬರೀ ರಾಗಿ ಇರ್ತಿರಲಿಲ್ಲ. ಅಕ್ಕಡಿ ಸಾಲು ಅಂತ ಇರ್ತಿತ್ತು. ಹತ್ತು ಹನ್ನೆರಡು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಅಲಸಂದೆ, ನಡುವೆ ಹುಚ್ಚೆಳ್ಳು, ಸಾಸಿವೆ, ಅಲ್ಲಲ್ಲಿ ಜೋಳ. ಮುದ್ದೆಗೆ ರಾಗಿ, ಸಾರಿಗೆ ಕಾಳು, ಚಟ್ನಿಗೆ ಹುಚ್ಚೆಳ್ಳು, ದನಕ್ಕೆ ಹುಲ್ಲು. ಕಳೆ ಕೀಳೋಕೆ ಹೋದ ಹೆಂಗಸರು ಮಡಿಲು ತುಂಬ ಅಣ್ಣೆ ಸೊಪ್ಪು, ಹೊನಗೊನ್ನೆ, ಗಣಿಕೆ, ಕಿರುಕಸಾಲೆ ಕಿತ್ಕೊಂಡು ಬರ್ತಿದ್ರು. ಎಲ್ಲ ಸೇರಿಸಿ ಬೆರಕೆ ಸೊಪ್ಪು. ಬೆಂದ ನೀರು ಬಸಿದು ಬಸ್ಸಾರು, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಇದಕ್ಕೆ ಯಾರೂ ದುಡ್ಡು ಕೊಡ್ತಿರಲಿಲ್ಲ, ಮುಖ್ಯವಾಗಿ ಜಮೀನಿಲ್ಲದವರೂ ಕೊಡ್ತಿರಲಿಲ್ಲ. ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋದವಳಿಗೂ ಆ ಮಡಿಲು ಸೊಪ್ಪು ಸಿಗ್ತಿತ್ತು. ಪೌಷ್ಟಿಕ ಆಹಾರದ ಕಿಟ್ ಅಂತ ಇವತ್ತು ಚೀಲದಲ್ಲಿ ಕಟ್ಟಿ ಕೊಡೋದಿದೆಯಲ್ಲ, ಅದು ಒಂದೇ ಹೊಲದಲ್ಲಿ ಬೆಳೆದು ನಿಂತಿರ್ತಿತ್ತು.

ಹೊಗೆಸೊಪ್ಪಿನ ಹೊಲದಲ್ಲಿ ಕಳೆ ಇರಬಾರದು. ಇದ್ದರೂ ಔಷಧಿ ಹೊಡೆದ ಹೊಲದ ಸೊಪ್ಪು ಯಾರು ತಿಂತಾರೆ? ಹೊಗೆಸೊಪ್ಪು ಮುಗಿದ ಮೇಲೆ ಅದೇ ಹೊಲಕ್ಕೆ ರಾಗಿ, ಹುರುಳಿ ಹಾಕೋರು ಈಗಲೂ ಇದ್ದಾರೆ, ಒಳ್ಳೇದು, ಆದರೆ ಅವಸರದ ಆ ಬೆಳೆಗೆ ಅಕ್ಕಡಿ ಕಟ್ಟೋ ಪುರುಸೊತ್ತು ಕಮ್ಮಿ. ಉಳಿದ ಕಡೆ ಶುಂಠಿ ಬಂದು ಕೂತಿದೆ. ಕೆ.ಆರ್. ನಗರದ ಕಥೆ ಬೇರೆ. ಅದು ನಾಲೆ ನೀರಿನ ಭತ್ತದ ನಾಡು, ಅಲ್ಲಿನ ಕೂಲಿ ಮನೆಗಳಿಗೆ ಅಕ್ಕಿ ಯಾವತ್ತೂ ಹತ್ತಿರವೇ ಇತ್ತು, ಕಾಳು ಸೊಪ್ಪು ದೂರ.

ಅಕ್ಕಿ ಕೆಟ್ಟದ್ದು ಅಂತ ಅಲ್ಲ ಸ್ವಾಮಿ. ಹಸಿದವನಿಗೆ ಅಕ್ಕಿ ಕೊಟ್ಟ ಯೋಜನೆಯನ್ನ ಹೊಟ್ಟೆ ತುಂಬಿದವರು ಆಡಿಕೊಂಡದ್ದು ಈ ಹದಿಮೂರು ವರ್ಷದಲ್ಲಿ ಸಾಕಷ್ಟು ಕೇಳಿದ್ದೀನಿ, ಆ ಗುಂಪಿಗೆ ನನ್ನ ಸೇರಿಸಬೇಡಿ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರದ ಒಂದು ಪಾಲು ರಾಗಿ ಕೊಡೋದೂ ಇದೆ, ಅದು ಸರಿಯಾದ ದಾರಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರೋ ಇಂದಿರಾ ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ಅಂದ್ರೆ ಬರೀ ಅಕ್ಕಿಯಿಂದ ಊಟ ಆಗಲ್ಲ ಅಂತ ಸರ್ಕಾರಕ್ಕೇ ಅರ್ಥ ಆಗಿದೆ. ನಮ್ಮ ಟೀ ಶರ್ಟ್ ಮಂದಿಗೆ ಇನ್ನೂ ಆಗಿಲ್ಲ ನೋಡಿ, ಅದೇ ಹತ್ತು ಕೆ.ಜಿ. ಚೀಲ!

ಈಗ ಹಾಡಿಗಳ ವಿಷಯ. ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನುದ್ದಕ್ಕೂ ಇದ್ದಾರೆ. ನಮ್ಮ ಊರಿನವರ ಊಟ ಹೊಲದಿಂದ ಹೋಯ್ತು, ಇವರ ಊಟ ಕಾಡಿನ ಜೊತೆ ಹೋಯ್ತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗಿ, ಆಮೇಲೆ ಹುಲಿ ಯೋಜನೆ ಪ್ರದೇಶವಾಗಿ ಆದಂತೆಲ್ಲ ಇವರು ಹೊರಗೆ ಬಂದರು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಪುನರ್ವಸತಿ ಸಿಗಬೇಕಾದ 3,418 ಕುಟುಂಬಗಳ ಲೆಕ್ಕ ಇದೆ. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಆ ವರದಿ ಪೂರ್ತಿ ಜಾರಿಗೆ ಬರಲಿ ಅಂತ ಹಾಡಿ ಜನ ಕೇಳ್ತಾನೇ ಇದ್ದಾರೆ.

ಕಾಡಿನಿಂದ ಹೊರಗೆ ಬರೋದು ಅಂದ್ರೆ ಅಡುಗೆ ಮನೆಗೆ ಏನಾಯ್ತು ಅಂತ ಯೋಚಿಸಿ. ಕಾಡುಗೆಣಸು ಹೋಯ್ತು. ಮಳೆಗಾಲದ ಕಳಲೆ, ಅಣಬೆ ಹೋಯ್ತು. ಹೊಳೆ ಮೀನು, ಏಡಿ, ಜೇನು, ನೆಲ್ಲಿ, ಹತ್ತಾರು ಬಗೆ ಸೊಪ್ಪು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸೋದು ಇವರ ಹಕ್ಕು ಅಂತ ಬರೆದಿದೆ. ಆದರೆ ಹಕ್ಕುಪತ್ರದ ಅರ್ಜಿ ಕೈಯಲ್ಲಿ ಹಿಡಿದು ಗೇಟಿನ ಮುಂದೆ ನಿಂತರೆ ಗೆಣಸು ಬರಲ್ಲ. ಹಾಗಾಗಿ ಆಹಾರದ ಮಾತಾಡುವಾಗ ಅರಣ್ಯ ಹಕ್ಕಿನ ಮಾತನ್ನ ಬೇರೆ ಇಲಾಖೆದು ಅಂತ ಪಕ್ಕಕ್ಕಿಡೋದು ನನಗೆ ಒಪ್ಪಿಗೆ ಇಲ್ಲ. ಒಂದು ಹಾಡಿಗೆ ಸಾಮುದಾಯಿಕ ಹಕ್ಕು ನಿಜವಾಗಿ ಸಿಕ್ಕಿದರೆ, ನಮ್ಮಂಥವರ ಇಪ್ಪತ್ತು ಬಸ್ಸಿನ ಕಿಟ್‌ಗಿಂತ ಹೆಚ್ಚು ದಿನ ತಟ್ಟೆ ತುಂಬುತ್ತೆ.

ಇದರ ಜೊತೆ ವಲಸೆ. ಕಾಫಿ ಹಣ್ಣಾಗೋ ಕಾಲಕ್ಕೆ ಕೊಡಗಿನ ತೋಟದ ಲೈನ್ ಮನೆಗಳಿಗೆ ಸಂಸಾರ ಸಮೇತ ಹೋಗ್ತಾರೆ, ಶುಂಠಿ ಕೆಲಸಕ್ಕೆ ಸುತ್ತಮುತ್ತ, ಕೇರಳಕ್ಕೂ. ಆಗ ಅಂಗನವಾಡಿ ಒಂದು ಕಡೆ, ಮಗು ಇನ್ನೊಂದು ಕಡೆ. ಪಡಿತರ ಎಲ್ಲಿ ಬೇಕಾದರೂ ಪಡೀಬಹುದು ಅನ್ನೋ ವ್ಯವಸ್ಥೆ ಇದೆ, ಕಾಗದದ ಮೇಲೆ ಚೆನ್ನಾಗಿದೆ. ಅಂಗಡಿಗೆ ಹೋದರೆ ಯಂತ್ರಕ್ಕೆ ಬೆರಳಚ್ಚು ಸಿಗಲ್ಲ. ಶುಂಠಿ ಕಿತ್ತು, ಸೌದೆ ಸೀಳಿ ಗೆರೆಯೇ ಸವೆದ ಬೆರಳು ಅದು. ಇಲ್ಲಾ ಸರ್ವರ್ ಡೌನ್. ನಾಳೆ ಬನ್ನಿ. ನಾಳೆ ಬಂದರೆ ಒಂದು ದಿನದ ಕೂಲಿ ಹೋಯ್ತು. ನಾವು ಕೂತು ಬರೆಯೋ ಕೋಡಿನ ಆ ಕಡೆ ತುದಿ ಹೀಗಿರುತ್ತೆ.

ಇನ್ನು ಎಲ್ಲರೂ ಮರೆಯೋ ಜಾಗ. ಒಲೆ.

ಒಂದು ಮನೆ ಕಣ್ಮುಂದೆ ತಂದುಕೊಳ್ಳಿ. ಹಾಡಿಯದ್ದೇ ಆಗಲಿ, ಕೆ.ಆರ್. ನಗರದ ಕಡೆಯ ಕೂಲಿ ಮನೆಯೇ ಆಗಲಿ. ಕೂಲಿಗೆ ಕರ್ಕೊಂಡು ಹೋಗೋ ಗಾಡಿ ಏಳೂವರೆಗೆ ಬಂದು ಹಾರನ್ ಹೊಡೆಯುತ್ತೆ. ಅಷ್ಟರಲ್ಲಿ ನೀರು ತಂದು, ಸೌದೆ ಹಚ್ಚಿ, ಬೆಳಗಿಂದಕ್ಕೂ ಮಧ್ಯಾಹ್ನಕ್ಕೂ ಅಡುಗೆ ಆಗಬೇಕು. ಮನೇಲಿ ಕಿಟ್‌ನಲ್ಲಿ ಬಂದ ಹುರುಳಿ ಇದೆ, ಕಡಲೆ ಇದೆ. ಮೂರು ಕಲ್ಲಿನ ಒಲೆ ಮೇಲೆ ತೆರೆದ ಪಾತ್ರೆಯಲ್ಲಿ ಹುರುಳಿ ಬೇಯೋಕೆ ಗಂಟೆ ಮೇಲೆ ಬೇಕು. ಯಾರು ಕಾಯ್ತಾರೆ? ಅನ್ನ ಇಪ್ಪತ್ತು ನಿಮಿಷ. ಅನ್ನಕ್ಕೆ ಮೆಣಸಿನಕಾಯಿ ಟೊಮೇಟೊ ಗೊಜ್ಜು, ಇಲ್ಲಾ ಬೆಲ್ಲದ ಕರಿ ಟೀ. ರಾಗಿ ಇದ್ದರೂ ಅದನ್ನ ಮಿಲ್ಲಿಗೆ ಹೊತ್ತು ಹಿಟ್ಟು ಮಾಡಿಸಬೇಕು. ಮಿಲ್ಲು ದೊಡ್ಡ ಊರಲ್ಲಿದೆ, ಕರೆಂಟು ಇದ್ದಾಗ. ಉಜ್ವಲದ ಸಿಲಿಂಡರು ಮೂಲೇಲಿದೆ, ಖಾಲಿ. ತುಂಬಿಸೋ ದುಡ್ಡಿಗೆ ಎರಡು ದಿನದ ಕೂಲಿ ಹೆಚ್ಚುಕಮ್ಮಿ ಹೋಗುತ್ತೆ.

ಕಾಳಿನ ಚೀಲ ಅಂಗಡಿಗೆ ಅರ್ಧ ಬೆಲೆಗೆ ಹೋಯ್ತು ಅಂತ ಕೇಳಿದಾಗ ನಮ್ಮ ಜನ "ಕೊಟ್ಟರೂ ತಿನ್ನಲ್ಲ, ಇವರಿಗೆ ಅರಿವಿಲ್ಲ" ಅಂತ ತೀರ್ಪು ಕೊಡ್ತಾರೆ. ಆಮೇಲೆ ಅರಿವು ಶಿಬಿರ. ಪ್ರೊಜೆಕ್ಟರ್ ಹಾಕಿ ಸಮತೋಲನ ಆಹಾರದ ಬಣ್ಣದ ಚಿತ್ರ, ಕಿತ್ತಳೆ, ಸೇಬು, ಬ್ರೊಕೊಲಿ (ದೇವರಾಣೆ, ಬ್ರೊಕೊಲಿ ಇತ್ತು!). ಎದುರಿಗೆ ಕೂತ ಅಜ್ಜಿಗೆ ನಲವತ್ತು ಬಗೆ ಸೊಪ್ಪಿನ ಹೆಸರು, ಯಾವುದನ್ನ ಎಷ್ಟು ಸಲ ಬಸಿಯಬೇಕು, ಯಾವುದು ಬಾಣಂತಿಗೆ ಆಗಲ್ಲ ಅಂತ ಗೊತ್ತು. ಅವರು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ "ಸೌದೆಗೆ ಏನ್ ಮಾಡದು ಕಣಪ್ಪ?" ಅಂದರು. ಪ್ರೊಜೆಕ್ಟರ್ ಹತ್ತಿರ ಉತ್ತರ ಇರಲಿಲ್ಲ.

ಯೋಜನೆ ಮಾಡುವವರು ಒಲೆಯ ಹತ್ತಿರ ಕೂರಲಿಲ್ಲ ಅಂದ್ರೆ ಏನಾಗುತ್ತೆ ಅನ್ನೋದಕ್ಕೆ ಮಾತೃಪೂರ್ಣ ಒಳ್ಳೆ ಪಾಠ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ತಿಂಗಳಿಗೆ 25 ದಿನ. ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ. 2017ರಲ್ಲಿ ಮೊದಲು ಪ್ರಯೋಗಕ್ಕೆ ತಗೊಂಡ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ಎಚ್.ಡಿ. ಕೋಟೆಯೂ ಒಂದು, ಆ ವರ್ಷ ಅಕ್ಟೋಬರ್ 2ಕ್ಕೆ ರಾಜ್ಯಕ್ಕೆಲ್ಲ ಬಂತು. ಯೋಚನೆ ಅದ್ಭುತ. ಬೇಯಿಸಿ ಕೊಡೋದರಿಂದ ಸೌದೆ, ಸಮಯ, ಮಿಲ್ಲು ಎಲ್ಲ ಸಮಸ್ಯೆ ಒಂದೇ ಏಟಿಗೆ ಹೋಗುತ್ತೆ. ಮನೆಗೆ ಕೊಟ್ಟರೆ ಎಲ್ಲರ ಪಾಲಾಗುತ್ತೆ, ಇಲ್ಲಿ ಅವಳೇ ಕೂತು ತಿಂತಾಳೆ. ಆದರೆ ಹೆರಿಗೆಯಾದ ಹೊಸತರಲ್ಲಿ ಬಾಣಂತಿ ಹೊಸಿಲು ದಾಟೋದಿಲ್ಲ, ಅದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಏಳು ತಿಂಗಳ ಬಸುರಿ ಒಂದು ಊಟಕ್ಕೆ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು, ಮತ್ತೆ ಎರಡು ಕಿಲೋಮೀಟರ್ ವಾಪಸ್ ಬರಬೇಕು ಅಂದ್ರೆ ಬರ್ತಾಳಾ? ಕೂಲಿಗೆ ಹೋದವಳು ಮಧ್ಯಾಹ್ನ ಒಂದು ಗಂಟೆಗೆ ಅಂಗನವಾಡಿಗೆ ಹೇಗೆ ಬರ್ತಾಳೆ? ಕೊರೊನಾ ಕಾಲದಲ್ಲಿ ರೇಷನ್ನು ಮನೆಗೇ ಹೋಯ್ತು, ಆಗ ಪಾಲು ಹಂಚಿಕೆಯ ಸಮಸ್ಯೆ ಮತ್ತೆ ಬಂತು. ಎರಡೂ ನಿಜ. ನನ್ನ ಕೇಳಿದರೆ ಊಟವೇ ಉಳಿಯಲಿ, ಆದರೆ ಹಾಡಿಯಲ್ಲೇ ಬೇಯಲಿ, ಬಾಣಂತಿಯ ಕ್ಯಾರಿಯರ್ ಮನೆಗೆ ಹೋಗಲಿ.

ಶಾಲೆ ಮಕ್ಕಳ ವಿಷಯದಲ್ಲಿ ನಾನು ಅಷ್ಟು ತಲೆ ಕೆಡಿಸ್ಕೊಳಲ್ಲ, ಅಲ್ಲಿ ಒಂದು ಹೊತ್ತಾದರೂ ಯಾರೋ ಬೇಯಿಸಿ ಹಾಕ್ತಿದ್ದಾರೆ. ಚಿಂತೆ ಇರೋದು ಆರು ತಿಂಗಳಿಂದ ಮೂರು ವರ್ಷದ ಕೂಸಿನದ್ದು. ಕುಳ್ಳಾಗೋದು, ಸೊರಗೋದು ಎಲ್ಲ ನಿರ್ಧಾರ ಆಗೋದು ಆ ವಯಸ್ಸಲ್ಲೇ. ಅದಕ್ಕೆ ಅಂಗನವಾಡಿಯಿಂದ ಪುಷ್ಟಿ ಪುಡಿ ಮನೆಗೆ ಬರುತ್ತೆ. ಅಮ್ಮ ಶುಂಠಿ ಹೊಲದಲ್ಲಿ, ಕೂಸು ಅಜ್ಜಿ ಹತ್ತಿರ ಅಥವಾ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ದಿನಕ್ಕೆ ನಾಲ್ಕು ಸಲ ಒಲೆ ಹಚ್ಚಿ ಗಂಜಿ ಕಾಯಿಸೋರು ಯಾರು? ಐದು ರೂಪಾಯಿ ಬಿಸ್ಕತ್ತು ಪ್ಯಾಕು ಗೆಲ್ಲೋದು ಇಲ್ಲಿ. ಅದನ್ನೇ ನಾವು ಕಿಟ್‌ನಲ್ಲಿ ಇಟ್ಟು ಕೊಡ್ತೀವಿ!

ತಮಾಷೆ ಅಂದ್ರೆ ದೇಶದ ದೊಡ್ಡ ಆಹಾರ ಪ್ರಯೋಗಾಲಯ ಇರೋದು ಇದೇ ಜಿಲ್ಲೆಯಲ್ಲಿ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಶೇಂಗಾ ಹಿಂಡಿ, ಕಡಲೆ ಹಿಟ್ಟು ಸೇರಿಸಿ ಬಡವರಿಗೆ ಅಗ್ಗದ ಪ್ರೋಟೀನ್ ಆಹಾರ ಮಾಡಿದ್ದು ಅವರೇ. ತಂತ್ರಜ್ಞಾನಕ್ಕೆ ಕೊರತೆ ಇರಲಿಲ್ಲ ಅನ್ನೋಕೆ ಹೇಳಿದೆ. ಹಾಗೆ ನೋಡಿದರೆ ನಮ್ಮ ಹಳೇ ಹುರಿಹಿಟ್ಟೇ ಸಾಕು. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿಟ್ಟರೆ ಬಿಸಿ ನೀರು, ಚೂರು ಬೆಲ್ಲ ಹಾಕಿ ಕಲಸಿ ಎಂಟು ವರ್ಷದ ಹುಡುಗಿಯೂ ತಿನ್ನಿಸಬಹುದು. ಬಿಡುವಿದ್ದಾಗ ಹಾಡಿಯ ನಾಲ್ಕು ಹೆಂಗಸರು ಕೂಲಿ ತಗೊಂಡೇ (ದಯವಿಟ್ಟು ಸೇವೆ ಅಂತ ಪುಕ್ಕಟೆ ಮಾಡಿಸಬೇಡಿ) ಇಡೀ ಹಾಡಿಗೆ ತಿಂಗಳ ಹುರಿಹಿಟ್ಟು ಮಾಡಿಡಬಹುದು. ಬೇಕಾದದ್ದು ಸಣ್ಣ ಹಿಟ್ಟಿನ ಯಂತ್ರ, ಒಂದು ಕರೆಂಟ್ ಕನೆಕ್ಷನ್ನು, ರಾಗಿ. ನಮ್ಮ ಆ ಒಂದು ಬಸ್ಸು, ಟೀ ಶರ್ಟು, ದಾರೀಲಿ ತಿಂಡಿ, ಫ್ಲೆಕ್ಸು, ಇವಿಷ್ಟರ ಖರ್ಚು ಕೂಡಿಸಿ ನೋಡಿ, ಯಂತ್ರದ ಬೆಲೆಗೆ ಹತ್ತಿರ ಬರುತ್ತೆ.

ಹಾಗಾದರೆ ಕಿಟ್ ಬದಲು ಏನು ಕೊಡೋಣ ಅಂತ ಕೇಳೋರಿಗೆ ನನ್ನ ಉತ್ತರ ತುಂಬಾ ಸಪ್ಪೆ. ಕುಕ್ಕರ್ ಕೊಡಿ. ಐದು ಲೀಟರಿನದು. ಗಂಟೆಗಟ್ಟಲೆ ಬೇಯೋ ಹುರುಳಿ, ಅಲಸಂದೆ ರಾತ್ರಿ ನೆನೆಹಾಕಿದ್ದರೆ ಬೆಳಗ್ಗೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತೆ, ಸೌದೆಯೂ ಉಳಿಯುತ್ತೆ. ಸರ್ಕಾರದ ಚೀಲದಲ್ಲಿ ಬಂದ ಕಾಳು ಅಂಗಡಿಗೆ ಹೋಗೋ ಬದಲು ಸಾರಾಗುತ್ತೆ. ಹಿತ್ತಲಲ್ಲಿ ಜಾಗ ಇದ್ದವರಿಗೆ ನುಗ್ಗೆ ಕೊಂಬೆ, ಪಪ್ಪಾಯಿ ಸಸಿ, ಅವರೆ ಬೀಜ ಕೊಡಿ, ಆನೆ ಹಂದಿ ಕಾಟ ಇರೋ ಕಡೆ ಏನು ನಿಲ್ಲುತ್ತೆ ಅಂತ ಅವರನ್ನೇ ಕೇಳಿ. ಎರಡು ನಾಟಿ ಕೋಳಿ ಕೊಡಿ ಬೇಕಾದರೆ. ಹೋಗೋ ಮುಂಚೆ ಅಂಗನವಾಡಿ ಟೀಚರಮ್ಮನಿಗೆ ಒಂದು ಫೋನ್ ಮಾಡಿ, ಯಾವ ಮನೆ ಕೊಡಗಿಗೆ ಹೋಗಿದೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಅವರಷ್ಟು ಯಾವ ಸ್ಪ್ರೆಡ್‌ಶೀಟಿಗೂ ಗೊತ್ತಿಲ್ಲ. ಶನಿವಾರ ಹೋಗ್ಲೇಬೇಡಿ, ಕೂಲಿ ದಿನ ಅದು. ಮನೆಯವರನ್ನ ಕೆಲಸ ಬಿಡಿಸಿ ಸಾಲಲ್ಲಿ ನಿಲ್ಲಿಸಿ ಫೋಟೋ ತೆಗೀಬೇಕಾಗುತ್ತೆ.

ಕುಕ್ಕರ್ ತಗೊಳ್ಳುವಾಗ ಉದ್ದ ಹಿಡಿಯದ್ದು ಬೇಡ, ಸೌದೆ ಉರಿಗೆ ಹಿಡಿ ಸುಡುತ್ತೆ, ಎರಡೂ ಕಡೆ ಚಿಕ್ಕ ಹಿಡಿ ಇರೋದು ನೋಡಿ. ಒಂದೊಂದಕ್ಕೂ ಎರಡು ಗ್ಯಾಸ್ಕೆಟ್ಟು, ಒಂದು ಸೇಫ್ಟಿ ವಾಲ್ವು ಜೊತೆಗೇ ಕಟ್ಟಿ ಕೊಡಿ. ಅದು ಹೋದರೆ ಹಾಕಿಸೋಕೆ ಹ್ಯಾಂಡ್‌ಪೋಸ್ಟಿಗೋ ಸರಗೂರಿಗೋ ಬರಬೇಕು, ಆ ದಿನದ ಕೂಲಿ ಬಿಟ್ಟು.